ಹುಳುಮನೆಯ ಗುನುಗು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಡೆದರೆ ನಯನಳ ಹಿಪ್ಪುನೇರಳೆ ತೋಟ ಸಿಗುತ್ತದೆ. ತೋಟದ ಬದಿಗೆ ಶೀಟು ಹೊದಿಸಿದ ಹುಳುಮನೆ. ರೇಷ್ಮೆಹುಳುವಿಗೆ ಯಾವ ಸೋಂಕೂ ತಗಲಬಾರದೆಂದು ಬಾಗಿಲಲ್ಲೇ ಕಾಲು ತೊಳೆಯುವ ನೀರು. ಒಳಗೆ ಹೋಗುವವರು ಬೀಡಿ ಸೇದಿರಬಾರದು, ಪೌಡರ್ ಹಚ್ಚಿರಬಾರದು; ಹುಳುವಿಗೆ ವಾಸನೆ ಆಗದು. ಮದುವೆಯಾಗಿ ಬಂದ ವರ್ಷವೇ ನಯನ ಮಲ್ಲಿಗೆ ಮುಡಿಯುವುದನ್ನು ಬಿಟ್ಟಳು.

ಈ ನಿಯಮಗಳ ಕಾವಲು ಅವಳ ಮಗಳು ಚಂದನಳದು. ಒಂಬತ್ತು ವರ್ಷದ ಚಂದನಳಿಗೆ ಆಟಿಸಂ ಇದೆ, ಮಾತು ಬಂದಿಲ್ಲ. ಆದರೆ ಕಾಲು ತೊಳೆಯದೆ ಯಾರಾದರೂ ಹೊಸ್ತಿಲು ದಾಟಿದರೆ ಸೆರಗನ್ನೋ ಅಂಗಿಯ ತುದಿಯನ್ನೋ ಹಿಡಿದು ಎಳೆದು ತಂದು ನೀರಿನ ಮುಂದೆ ನಿಲ್ಲಿಸುತ್ತಾಳೆ.

ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಮುಟ್ಟದೆ, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಸೊಪ್ಪು ಹಾಸಿದ ಕೂಡಲೇ ಹುಳುಮನೆಯೊಳಗೆ ಸೋನೆ ಹಿಡಿದಂಥ ಸದ್ದು. ಚಂದನ ಹುಳು ಮೇಯಿಸುವ ಸ್ಟ್ಯಾಂಡಿನ ಕಂಬಕ್ಕೆ ಕೆನ್ನೆ ಆನಿಸಿ, ಕಣ್ಣು ಮುಚ್ಚಿ, ಆ ಸದ್ದಿನ ಜೊತೆಗೆ ಗಂಟಲೊಳಗೇ ಗುನುಗುತ್ತಾಳೆ. ಮಗಳು ಸುಖವಾಗಿದ್ದಾಳೆ ಎಂದು ನಯನಳಿಗೆ ಗೊತ್ತಾಗುತ್ತಿದ್ದುದು ಅದೊಂದರಿಂದಲೇ.

ಹೋದ ವರ್ಷ ಆ ಗುನುಗು ನಿಂತಿತು. ಚಂದನ ಮುಂಗೈ ಕಚ್ಚಿಕೊಳ್ಳತೊಡಗಿದಳು, ಹಣೆಯನ್ನು ಗೋಡೆಗೆ ಬಡಿದುಕೊಂಡಳು. ಮಂಡ್ಯದ ಗುತ್ತಲು ಬಡಾವಣೆಯಲ್ಲಿ ತೋರಿಸಿದಾಗ ಮಕ್ಕಳ ಮನೋವೈದ್ಯೆ ಗೌತಮಿ ಮೊದಲು ಮಾತ್ರೆಯ ಮಾತನ್ನೇ ಎತ್ತಲಿಲ್ಲ. ನೋವು ಹೇಳಲಾಗದ ಮಗು ಎಂದು ಕಿವಿ, ಹೊಟ್ಟೆ, ಹಲ್ಲು ಎಲ್ಲವನ್ನೂ ನೋಡಿಸಿದರು. ಒಂದು ಹಲ್ಲು ಹುಳುಕಾಗಿತ್ತು, ತೆಗೆಸಿದರು. ಸಿಟ್ಟು ಬರುವ ಮುಂಚೆಯೇ ಗುರುತು ಹಿಡಿಯುವುದನ್ನು ಮನೆಯವರಿಗೆ ಕಲಿಸಿದರು. ಸ್ವಲ್ಪ ತಗ್ಗಿತು, ಸಾಕಾಗುವಷ್ಟಲ್ಲ. ಹಣೆಯ ಗಾಯ ಎರಡನೇ ಸಲ ಬಿಚ್ಚಿಕೊಂಡಾಗ ಮಾತ್ರೆಯ ಹೆಸರು ಬರೆದುಕೊಟ್ಟರು.

ಚೀಟಿ ಹಲವು ದಿನ ದೇವರ ಗೂಡಿನಲ್ಲೇ ಉಳಿಯಿತು.

ಆ ಮನೆಯವರು ಔಷಧಿಗೆ ಹೆದರುವುದಕ್ಕೆ ಕಾರಣವಿತ್ತು. ಹಿಂದೊಮ್ಮೆ ಪಕ್ಕದ ಹೊಲದ ಮಹದೇವು ಟೊಮೆಟೊಗೆ ಹೊಡೆದ ಕೀಟದ ಔಷಧಿ ಗಾಳಿಯಲ್ಲಿ ತೇಲಿ ಇವರ ತೋಟದ ಮೇಲೆ ಕೂತಿತ್ತು. ನೋಡಲು ಸೊಪ್ಪು ಹಸಿರಾಗಿಯೇ ಇತ್ತು. ತಿಂದ ಹುಳುಗಳು ತಲೆ ಹೊರಳಿಸುತ್ತ, ರಸ ಕಕ್ಕುತ್ತ ಸತ್ತವು. ಇಡೀ ಬೆಳೆಯ ಹುಳುಗಳನ್ನು ಗುಂಡಿ ತೋಡಿ ಮುಚ್ಚಿದ್ದು ನಯನಳ ಕೈಗಳೇ.

"ತಲೆಗೆ ಕೊಡೋ ಮಾತ್ರೆ ಕಣವ್ವ ಅದು," ಅತ್ತೆ ಚಿಕ್ಕಬೋರಮ್ಮ ಅಂದರು. "ಮೊಗ ಮಂಕಾಗಿ ಮೂಲೇಲಿ ಕುಂತ್ಕಂಡ್ರೆ ಏನ್ ಮಾಡೀಯೆ?"

"ಅಂಗಂತ ತಲೆ ಒಡ್ಕಳದ್ನೇ ನೋಡ್ಕಂಡ್ ಕುಂತ್ಕಳವಾ?" ಎಂದ ಗಂಡ ಸ್ವಾಮಿ.

"ನೀನ್ ಸುಮ್ಕಿರ್ಲಾ. ನೀನೂ ಚಿಕ್ಕವನಾಗಿದ್ದಾಗ ಕಂಬಕ್ಕೆ ತಲೆ ಚಚ್ಕತಿದ್ದೆ. ಯಾವ ಮಾತ್ರೆ ಕೊಟ್ಟಿದ್ದೆ ನಾನು?"

"ಅದಕ್ಕೇ ಕಣವ್ವ ನಾನಿಂಗಾಗಿರದು."

ನಯನಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ಮರುದಿನ ಅವಳೇ ಬಸ್ಸು ಹತ್ತಿ, ಗಂಡನನ್ನೂ ಕರೆದುಕೊಂಡು ಗುತ್ತಲಿಗೆ ಹೋದಳು.

"ಮೇಡಂ, ಅವಳು ಗುನುಗ್ತಾಳೆ. ಈಗಿಲ್ಲ, ಮೊದ್ಲು. ಮಾತ್ರೆ ಕೊಟ್ಟು ಅದು ಪೂರ್ತಿ ಒಂಟೋದ್ರೆ?"

ಗೌತಮಿ ಪೆನ್ನು ಕೆಳಗಿಟ್ಟರು. "ಈ ಮಾತ್ರೆಯಿಂದ ಆಟಿಸಂ ವಾಸಿಯಾಗೋದಿಲ್ಲಮ್ಮ, ಅದಕ್ಕೆ ಕೊಡ್ತಾನೂ ಇಲ್ಲ. ತನ್ನನ್ನೇ ಹೊಡ್ಕೊಳ್ಳೋದು ಕಡಿಮೆಯಾಗಲಿ ಅಂತ ಅಷ್ಟೆ. ನಿದ್ದೆ ಹೆಚ್ಚಾಗಬಹುದು, ಹಸಿವು ಹೆಚ್ಚಾಗಬಹುದು. ತೂಕ, ರಕ್ತ ನೋಡ್ತಾ ಇರ್ತೀನಿ. ತುಂಬ ಕಡಿಮೆಯಿಂದ ಶುರು ಮಾಡೋಣ. ಮಂಕಾದಳು ಅನ್ನಿಸಿದರೆ ಫೋನ್ ಮಾಡಿ, ಬದಲಾಯಿಸ್ತೀನಿ. ಬೇಡ ಅನ್ನಿಸಿದರೆ ನಿಧಾನಕ್ಕೆ ಇಳಿಸೋಣ."

"ಅನುಮಾನದ ಸೊಪ್ನ ಮೊದ್ಲು ನಾಕು ಉಳಕ್ಕಾಕಿ ನೋಡ್ತೀವಲ್ಲ, ಅಂಗೆ," ಎಂದ ಸ್ವಾಮಿ, ಹೆಂಡತಿಗೆ.

ಗೌತಮಿಗೆ ಅದನ್ನು ಬಿಡಿಸಿ ಹೇಳಬೇಕಾಯಿತು: ಔಷಧಿ ತಗುಲಿರಬಹುದಾದ ಸೊಪ್ಪನ್ನು ಮೊದಲು ನಾಲ್ಕೇ ಹುಳುವಿಗೆ ಹಾಕಿ ನೋಡುವುದು. ಅವರು ನಕ್ಕರು. "ಹಾಗೇ ಅಂತಿಟ್ಕೊಳ್ಳಿ. ಆದರೆ ಇಲ್ಲಿ ನಮ್ಮ ಹತ್ತಿರ ಇರೋದು ಒಂದೇ ಹುಳ. ಅದಕ್ಕೇ ಇನ್ನೂ ಹುಷಾರು."

ಆ ಮಾತಿಗೆ ನಯನ ಒಪ್ಪಿದಳು.

ಮಾತ್ರೆ ಸಂಜೆಗಿತ್ತು; ಆಗ ತೋಟದಲ್ಲಿ ಸೊಪ್ಪು ಕೊಯ್ಯುವ ಹೊತ್ತಾದ್ದರಿಂದ ಕೊಡುವ ಕೆಲಸ ಚಿಕ್ಕಬೋರಮ್ಮನ ಪಾಲಿಗೆ ಬಂತು. ಬೇಡ ಎಂದವರೇ ಬೆಲ್ಲದ ಚೂರಿನ ಜೊತೆ ಕೊಟ್ಟರು. ಮೊದಲ ವಾರ ಚಂದನ ಬಹಳ ಮಲಗಿದಳು. ಹಗಲಲ್ಲೂ ಕೂತಲ್ಲೇ ತೂಕಡಿಸಿದಳು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ತಿರುಗಿ ಬಂತು, ಹಿಂದಿಗಿಂತ ಜೋರಾಗಿ. ನಿದ್ದೆಯಿಲ್ಲ, ಕಿರುಚಾಟ. ಒಂದು ಬೆಳಿಗ್ಗೆ ಅವಳ ಹಣೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಟ್ಟು ಕೂತ ನಯನ, "ಮಾತ್ರೆನೇ ಇಂಗೆ ಮಾಡಿರದು. ತಿಪ್ಪೆಗೆ ಎಸೀರಿ ಅದ್ನ," ಎಂದಳು.

ಸ್ವಾಮಿ ಮಾತ್ರೆಯಿದ್ದ ದೇವರ ಗೂಡಿಗೆ ಕೈ ಹಾಕಿದ.

"ತಡಿಯಪ್ಪ," ಎಂದರು ಚಿಕ್ಕಬೋರಮ್ಮ. ಸೊಂಟದಿಂದ ಎಲಡಿಕೆ ಚೀಲ ತೆಗೆದು ಬಿಚ್ಚಿದರು. ಅಡಿಕೆ ಚೂರುಗಳ ನಡುವೆ ಬಿಳಿಯ ಮಾತ್ರೆಗಳು.

"ನಾನೇ ಕೊಟ್ಟಿಲ್ಲ ಕಣವ್ವ. ಮೊಗ ಜ್ವರಕ್ಕೆ ಕುಂತ ಉಳದಂಗೆ ಮಲಗ್ಬುಟ್ಟಿತ್ತು. ಜ್ವರಕ್ಕೆ ಕುಂತದ್ದಕ್ಕೆ ಯಾರಾದ್ರೂ ಸೊಪ್ಪಾಕರಾ? ಎದ್ಮೇಲೆ ಕೊಡವಾ ಅಂತ ಎತ್ತಿಟ್ಟೆ. ಎಸೀಬ್ಯಾಡ ಅಂತ ಚೀಲದಲ್ಲಿಟ್ಕಂಡೆ."

ಯಾರೂ ಬೈಯಲಿಲ್ಲ. ಆ ಮನೆಯಲ್ಲಿ ಹುಳು ಮೇಯಿಸಿದ ಯಾರೇ ಆದರೂ ಹಾಗೇ ಮಾಡುತ್ತಿದ್ದರೇನೋ. ನಯನ ಫೋನ್ ಹಚ್ಚಿ ಅತ್ತೆಯ ಕೈಗೇ ಕೊಟ್ಟಳು.

"ಅಜ್ಜಿ, ನೀವು ಹೇಳಿದ್ದು ಎಷ್ಟು ಒಳ್ಳೇದಾಯ್ತು ಗೊತ್ತಾ?" ಗೌತಮಿಯ ದನಿ ಸ್ಪೀಕರಿನಲ್ಲಿ ಕೇಳಿಸಿತು. "ಇಲ್ಲದಿದ್ದರೆ ಮಾತ್ರೆ ಆಗಿಬರಲಿಲ್ಲ ಅಂತ ನಾನೂ ತಪ್ಪು ತಿಳೀತಿದ್ದೆ. ಒಮ್ಮೆಗೇ ನಿಂತಿದ್ದಕ್ಕೇ ಹೀಗಾಗಿರೋದು, ಇನ್ನು ಹಾಗೆ ನಿಲ್ಲಿಸಬೇಡಿ. ಅಷ್ಟು ನಿದ್ದೆ ಬಂದರೆ ನನಗೆ ಹೇಳಿ, ಇಳಿಸೋದು ನನ್ನ ಕೆಲಸ. ಇವತ್ತು ಮಗೂನ ಕರ್ಕೊಂಡು ಬನ್ನಿ."

"ಬತ್ತೀವಿ ಕಣವ್ವ. ನಾನೂ ಬತ್ತೀನಿ," ಎಂದರು ಚಿಕ್ಕಬೋರಮ್ಮ.

ಮಾತ್ರೆಯ ಅಳತೆ ಕಡಿಮೆಯಾಯಿತು, ಹೊತ್ತು ರಾತ್ರಿ ಊಟದ ಮೇಲಕ್ಕೆ ಹೋಯಿತು. ಕೊಡುವ ಕೆಲಸವನ್ನು ಚಿಕ್ಕಬೋರಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಹಗಲಿನ ತೂಕಡಿಕೆ ಹೋಯಿತು. ಹಸಿವು ಹೆಚ್ಚಿತು; ಮುದ್ದೆ ಚಿಕ್ಕದಾಗಿ ಸೌತೆಕಾಯಿ, ಮಜ್ಜಿಗೆ ತಟ್ಟೆಯ ಪಕ್ಕಕ್ಕೆ ಬಂದವು. ಹಣೆಯ ಗಾಯ ಒಣಗಿ ಮೇಲೆ ಹೊಸ ಚರ್ಮ ಕೂಡಿತು. ಕೈ ಕಚ್ಚಿಕೊಳ್ಳುವುದು ಪೂರ್ತಿ ಹೋಗಿಲ್ಲ. ಈಗ ಸಿಟ್ಟು ಬಂದಾಗ ಅಜ್ಜಿಯ ಕೈ ಹಿಡಿದು ತನ್ನ ತಲೆಯ ಮೇಲೆ ಒತ್ತಿಕೊಳ್ಳುತ್ತಾಳೆ. ಮುತ್ತತ್ತಿಗೆ ಹೋಗಿ ಆಂಜನೇಯನ ಮುಂದೆ ಕೈ ಮುಗಿದಾಗ ಚಿಕ್ಕಬೋರಮ್ಮ ಗಟ್ಟಿಯಾಗಿಯೇ, "ಗುತ್ತಲಿನ ಡಾಕ್ಟ್ರಮ್ಮನ್ನೂ ಚೆನ್ನಾಗಿಡಪ್ಪ," ಎಂದರು.

ಆದರೂ ನಯನಳ ಕಿವಿ ಕಾಯುತ್ತಿತ್ತು. ಹುಳುಗಳು ನಾಲ್ಕನೇ ಜ್ವರದಿಂದ ಎದ್ದ ಬೆಳಿಗ್ಗೆ ಸೊಪ್ಪು ಹಾಸಿ, ಕುಡುಗೋಲು ಹಿಡಿದು, ನೀರು ಹಾಯಿಸಿದ್ದ ತೋಟಕ್ಕಿಳಿದಳು. ಬೇಲಿಯಾಚೆ ಮಹದೇವು ನಿಂತಿದ್ದ. "ಅಕ್ಕಾ, ನಾಳೆ ಔಷಧಿ ಒಡೀತೀನಿ. ಇವತ್ತೇ ಸೊಪ್ಪು ಕುಯ್ದ್ಬುಡಿ." ಆ ಬೆಳೆ ಹೋದಾಗಿನಿಂದ ಅವನು ಹೇಳದೆ ಹೊಡೆದವನಲ್ಲ. ಒಳ್ಳೇದಾಯ್ತು ಕಣಪ್ಪ ಎನ್ನಲು ನಯನ ಬಾಯಿ ತೆರೆದಳು.

ಹುಳುಮನೆಯಿಂದ ಮೇಯುವ ಸದ್ದು. ಅದರ ಕೆಳಗೆ, ಅದಕ್ಕೇ ಸೇರಿಕೊಂಡು, ಇನ್ನೊಂದು.

ಕೈಯಲ್ಲಿದ್ದ ಕುಡುಗೋಲು ಬಿಟ್ಟು ಅವಳು ಓಡಿದಳು, ಕೆಸರುಗಾಲಲ್ಲೇ ಹೊಸ್ತಿಲು ದಾಟಿದಳು. ಕಂಬಕ್ಕೆ ಕೆನ್ನೆಯಿಟ್ಟಿದ್ದ ಚಂದನ ಗುನುಗು ನಿಲ್ಲಿಸಿ ಕಣ್ಣು ಬಿಟ್ಟಳು. ಅಮ್ಮನ ಕಾಲು ನೋಡಿದಳು. ಬಂದು, ಸೆರಗು ಹಿಡಿದು, ಎಳೆದು ತಂದು ನೀರಿನ ಮುಂದೆ ನಿಲ್ಲಿಸಿದಳು. ತಿರುಗಿ ಒಳಗೆ ಹೋದಳು.

ನಯನ ಕಾಲು ತೊಳೆದಳು. ತೊಳೆಯುತ್ತಿರುವಾಗಲೇ ಗುನುಗು ಮತ್ತೆ ಶುರುವಾಯಿತು. ಕಾಲು ಯಾವಾಗಲೋ ಶುಚಿಯಾಗಿತ್ತು. ಅವಳು ನೀರು ಹೊಯ್ದುಕೊಳ್ಳುತ್ತಲೇ ಇದ್ದಳು.