ಇಪ್ಪತ್ತೊಂದು ದಿನದ ನಿದ್ದೆಯ ವ್ರತ

ತೊಂಬತ್ತರ ದಶಕದಲ್ಲಿ ನಾವು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆವು. ಆಗ ನಮ್ಮ ಮನೆಯಲ್ಲಿ ನಿದ್ದೆ ಎಂದರೆ ನಮ್ಮ ಯಜಮಾನರ ನಿದ್ದೆ. ಅವರು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಹಗಲೆಲ್ಲ ಮನೆ ಉಸಿರು ಬಿಗಿಹಿಡಿದಿರುತ್ತಿತ್ತು. ಕುಕ್ಕರ್ ಕೂಗಬಾರದೆಂದು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದೆ. ಸೊಪ್ಪಿನವಳ ಜೊತೆ ಚೌಕಾಸಿಯೂ ಕೈಸನ್ನೆಯಲ್ಲೇ. ಅತ್ತೆ ಬಾಗಿಲಲ್ಲಿ ಕೂತು ಕಾಗೆಯನ್ನೂ ಗದರಿಸುತ್ತಿದ್ದರು. "ಪಾಪ, ರಾತ್ರಿಯೆಲ್ಲ ನಿದ್ದೆಗೆಟ್ಟಿದಾನೆ."

ನಿದ್ದೆಗೆಟ್ಟವಳು ನಾನೂ ಇದ್ದೆ. ನನ್ನದು ತುಂಡುತುಂಡಾಗಿ ಕೆಡುತ್ತಿದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಸೆಕೆಂಡ್ ಶಿಫ್ಟಿನ ವಾರ ಅವರು ಮನೆಗೆ ಬರುವಾಗ ರಾತ್ರಿ ಹನ್ನೊಂದು. ಬಾಗಿಲಿಗಿದ್ದದ್ದು ಒಳಗಿನ ಚಿಲಕ ಮಾತ್ರ. ಎದ್ದು ತೆಗೆಯಬೇಕು, ಸಾರು ಬಿಸಿಮಾಡಬೇಕು. ಒಂದು ಗಂಟೆಗೆ ಅತ್ತೆಗೆ ಕುಡಿಯಲು ಬಿಸಿನೀರು. ಮೂರಕ್ಕೆ ನಲ್ಲಿಯಲ್ಲಿ ನೀರು. ಹೀಗೆ ಆರು ವರ್ಷ.

ಆಮೇಲೆ ಕೂತಲ್ಲೇ ಎದೆ ಢವಢವ ಅನ್ನತೊಡಗಿತು. ಚಳಿಯಲ್ಲೂ ಅಂಗೈ ಬೆವರುತ್ತಿತ್ತು. ಒಂದು ಸೋಮವಾರ ಪೂಜೆಗೆ ಕೂತು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡಿದ್ದೆ. ಕೈ ನಡುಗಿ ಲಿಂಗ ಜಾರಿತು. ನೆಲಕ್ಕೆ ಬೀಳದಂತೆ ಶಿವನೇ ನನ್ನ ಬಲಗೈಯನ್ನು ಅಡ್ಡ ತಂದ. ಹುಟ್ಟಿದಾಗ ಕಟ್ಟಿದ ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮ ಜನಕ್ಕೆ ಜೀವವೇ ಬಿದ್ದಂತೆ. ಅತ್ತೆ ಮಾತ್ರ, "ಮನಸ್ಸು ಎಲ್ಲೋ ಇಟ್ಟು ಪೂಜೆಗೆ ಕೂತ್ರೆ ಹಂಗೇ," ಅಂದರು.

ನಾನು ಹಟ ಹಿಡಿದ ಮೇಲೆ ಯಜಮಾನರು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಇಸಿಜಿ ತೆಗೆದರು. ಎದೆಯಲ್ಲಿ ದೋಷವಿರಲಿಲ್ಲ.

"ನಿದ್ದೆ ಹೇಗಮ್ಮ?" ಡಾಕ್ಟರಮ್ಮ ನನ್ನನ್ನು ಕೇಳಿದರು.

"ಚೆನ್ನಾಗೇ ಮಾಡ್ತಾಳೆ," ಅಂದರು ಯಜಮಾನರು.

"ನೀವು ನೋಡಿದೀರಾ?"

"ನಾನು ಬಂದಾಗೆಲ್ಲ ಎದ್ದಿರ್ತಾಳೆ ಮೇಡಂ. ನಿದ್ದೆ ಸಾಕಾಗಿರೋದಕ್ಕೇ ಅಲ್ವಾ ಅಷ್ಟು ಬೇಗ ಬಾಗಿಲು ತೆಗೆಯೋದು?"

ಡಾಕ್ಟರಮ್ಮ ಕನ್ನಡಕ ತೆಗೆದು ಅವರನ್ನೇ ನೋಡಿದರು. ಆಮೇಲೆ ವಿವರಿಸಿದರು. ಎದೆಬಡಿತ, ಬೆವರು, ಜೀರ್ಣ, ಇವೆಲ್ಲ ನಮ್ಮನ್ನು ಕೇಳದೆ ನಡೆಯುವ ಕೆಲಸಗಳು. ಅವನ್ನು ನಡೆಸುವ ನರಗಳು ಎರಡು ಬಗೆ. ಒಂದು ಮೈಯನ್ನು ಓಡಿಸುತ್ತದೆ, ಇನ್ನೊಂದು ತಣ್ಣಗೆ ಕೂರಿಸುತ್ತದೆ. ಗಾಢ ನಿದ್ದೆಯಲ್ಲಿ ಎರಡನೆಯದರ ಕೈ ಮೇಲಾಗಬೇಕು. ಪದೇಪದೇ ಎಬ್ಬಿಸಿದರೆ ಓಡಿಸುವುದು ಸುಮ್ಮನಾಗುವುದೇ ಇಲ್ಲ. ಹಗಲಲ್ಲೂ ಎದೆ ಬಡಿಸುತ್ತಲೇ ಇರುತ್ತದೆ.

ಯಜಮಾನರ ಮುಖ ಅರಳಿತು. "ಅಂದ್ರೆ ರಿಲೀವರ್ ಬರದೆ ಡಬಲ್ ಡ್ಯೂಟಿ!"

"ಹಾಂ, ಅದೇ. ರಾತ್ರಿ ಎಬ್ಬಿಸ್ಬೇಡಿ."

ಒಂದು ಟಾನಿಕ್ಕೂ ಬರೆದುಕೊಟ್ಟರು. ಪಾಳಿ ಬಿಡಿಸಲು ರಿಲೀವರ್ ಬರದಿದ್ದರೆ ಯೂನಿಯನ್ನಿನಲ್ಲಿ ಮೇಜು ಕುಟ್ಟುವವರು ನಮ್ಮ ಯಜಮಾನರು. ಭದ್ರಾವತಿಯವರೆಗೂ ಬಸ್ಸಿನಲ್ಲಿ ಪಕ್ಕದವರಿಗೆ ನನ್ನ ನರಗಳ ಡಬಲ್ ಡ್ಯೂಟಿಯನ್ನು ವಿವರಿಸಿದರು. ಮರುದಿನ ರಾತ್ರಿ ಹನ್ನೊಂದಕ್ಕೆ ಎಂದಿನಂತೆ ಬಾಗಿಲು ಬಡಿದರು.

ಡಾಕ್ಟರ ಮಾತಿಗೆ ನಮ್ಮ ಮನೆಯಲ್ಲಿ ಬೆಲೆಯಿಲ್ಲ ಎಂದು ಗೊತ್ತಾಯಿತು. ದೇವರ ಮಾತಿಗೆ ಇತ್ತು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಸಂಕಲ್ಪ ಮಾಡಿದೆ: ಲಿಂಗ ಕೈಯಲ್ಲಿ ನಿಲ್ಲಬೇಕು, ಅದಕ್ಕಾಗಿ ಇಪ್ಪತ್ತೊಂದು ದಿನ, ರಾತ್ರಿ ಒಂಬತ್ತರಿಂದ ಬೆಳಗಿನ ಐದರ ಸೈರನ್ನಿನವರೆಗೆ ಹಾಸಿಗೆ ಬಿಟ್ಟು ಏಳುವುದಿಲ್ಲ, ಮಾತಾಡುವುದಿಲ್ಲ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

"ಇದೆಂಥ ವ್ರತ ಮಾರಾಯ್ತಿ?" ಅಂದರು ಯಜಮಾನರು.

"ಸುಮ್ನಿರೋ," ಅತ್ತೆ ಗದರಿದರು. "ಇನ್ನೊಬ್ಬರ ವ್ರತ ಕೆಡಿಸಿದ ಪಾಪ ನಮಗ್ಯಾಕೆ?"

ಹಾಗಾಗಿ ಚಿಲಕ ತೆಗೆಯುವ ಕೆಲಸ ಅತ್ತೆಯ ಪಾಲಿಗೆ ಬಂತು. ನಲ್ಲಿಯದೂ. ಮೂರನೆಯ ದಿನ ಬೆಳಿಗ್ಗೆ ಅವರು ಎದೆ ಹಿಡಿದುಕೊಂಡು ಕೂತಿದ್ದರು. "ಏನೋ ಮಗಾ, ಎದೆ ಒಂದೇ ಸಮ ಹೊಡ್ಕೊಳ್ತದೆ. ಕೈಯೆಲ್ಲ ಬೆವರು."

ಅವತ್ತು ಮಧ್ಯಾಹ್ನದ ಶಿಫ್ಟಿಗೆ ಹೋಗುವ ಮುಂಚೆಯೇ ಯಜಮಾನರು ಬಡಗಿಯನ್ನು ಕರೆಸಿ, ಹೊರಗಿನಿಂದಲೂ ಕೀಲಿ ಹಾಕಿ ತೆಗೆಯುವ ಬೀಗ ಕೂರಿಸಿದರು. ನಲ್ಲಿಯ ಕೆಳಗೆ ದೊಡ್ಡ ಡ್ರಮ್ಮು ಬಂತು. ಅತ್ತೆಯ ತಲೆದಿಂಬಿನ ಪಕ್ಕ ಬಿಸಿನೀರಿನ ಫ್ಲಾಸ್ಕ್ ಬಂತು. ನನ್ನ ಆರು ವರ್ಷದ ಎದೆಬಡಿತಕ್ಕೆ ಸಿಗದ ಬಡಗಿ ಅತ್ತೆಯ ಮೂರು ದಿನದ್ದಕ್ಕೆ ಅರ್ಧ ಗಂಟೆಯಲ್ಲಿ ಸಿಕ್ಕ. ನಾನು ಮುನಿಸಿಕೊಳ್ಳಲಿಲ್ಲ. ಅತ್ತೆಗೂ ಎದೆಯೊಂದನ್ನು ಕೊಟ್ಟಿದ್ದಕ್ಕೆ ಶಿವನಿಗೆ ಕಾಯಿ ಒಡೆದೆ. ಫಸ್ಟ್ ಶಿಫ್ಟಿನ ವಾರ, ಐದಕ್ಕೆ ಮುಂಚೆ ಎದ್ದು ತಿಂಡಿ ಮಾಡುವವರಿಲ್ಲದೆ, ಯಜಮಾನರು ಕ್ಯಾಂಟೀನಿನ ಇಡ್ಲಿ ತಿಂದರು. ಚೆನ್ನಾಗಿತ್ತಂತೆ.

ಕೊನೆಯ ದಿನ ಪೂಜೆಗೆ ಕೂತೆ. ಅಂಗೈ ಒಣಗಿತ್ತು. ಲಿಂಗದ ಮೇಲಿಟ್ಟ ಪತ್ರೆ ಕೂಡ ಅಲುಗಲಿಲ್ಲ. ಕಣ್ಣು ತುಂಬಿ ಬಂತು.

ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. "ನೋಡಿದ್ಯಾ, ಟಾನಿಕ್ ಹೆಂಗೆ ಕೆಲಸ ಮಾಡ್ತು!"

ಸೀಲು ಒಡೆಯದ ಟಾನಿಕ್ ಸೀಸೆ ಅವರ ತಲೆಯ ಮೇಲಿನ ಗೂಡಿನಲ್ಲೇ ಇತ್ತು. ಹೌದು ಅಂದೆ. ಲಿಂಗವನ್ನು ಕಣ್ಣಿಗೊತ್ತಿಕೊಂಡು, ಇನ್ನೊಂದು ಇಪ್ಪತ್ತೊಂದು ದಿನಕ್ಕೆ ಸಂಕಲ್ಪ ಮಾಡಿದೆ.