ಹಡಗಿನ ಬಸ್ಸಿನ ಮುಂದಿನ ಸೀಟು

ದಾಂಡೇಲಿಗೆ ಸಮುದ್ರವಿಲ್ಲ. ಆದರೂ ಕೆಲವು ವರ್ಷ ನಾನು ಹಡಗಿನ ಕೆಲಸದವಳು ಎಂದು ಹೇಳಿಕೊಂಡು ತಿರುಗಿದ್ದೇನೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಚಳಿಗಾಲ ಶುರುವಾದರೆ ಗೋವಾದ ಬಂದರಿಗೆ ಪ್ರವಾಸಿ ಹಡಗುಗಳು ಬರುತ್ತಿದ್ದವು. ದೇಶ ದೇಶ ಸುತ್ತುವ ಬಿಳಿಕೂದಲಿನ ವಿದೇಶಿಯರು ಒಂದು ಹಗಲಿನ ಮಟ್ಟಿಗೆ ನೆಲಕ್ಕಿಳಿಯುತ್ತಿದ್ದರು. ಅವರಲ್ಲಿ ಕಾಡು ನೋಡುವ ಆಸೆಯಿದ್ದವರು ಹಡಗಿನ ಕಂಪನಿಯಲ್ಲೇ ಬುಕ್ ಮಾಡಿ, ಬಸ್ಸಿನಲ್ಲಿ ಘಟ್ಟ ಹತ್ತಿ ನಮ್ಮ ಜೋಯಿಡಾದ ರಾಷ್ಟ್ರೀಯ ಉದ್ಯಾನಕ್ಕೆ ಬರುತ್ತಿದ್ದರು. ಈ ಕಡೆಯ ವ್ಯವಸ್ಥೆಯೆಲ್ಲ ದಾಂಡೇಲಿಯ ಒಬ್ಬ ಗುತ್ತಿಗೆದಾರನದು. ಇಂಗ್ಲಿಷ್ ಮಾತಾಡಲು ಬರುತ್ತದೆಂದು ನನ್ನನ್ನು ಇಟ್ಟುಕೊಂಡಿದ್ದ. ಜೋಯಿಡಾದಲ್ಲಿ ಬಸ್ ಹತ್ತಿ, ಮೈಕು ಹಿಡಿದು, ಎಡಕ್ಕೆ ನೋಡಿ ಬಲಕ್ಕೆ ನೋಡಿ ಎನ್ನುವುದು ನನ್ನ ಕೆಲಸ. ಎಡಕ್ಕೂ ಮರ, ಬಲಕ್ಕೂ ಮರ. ಅವರು ಎರಡೂ ಕಡೆ ನೋಡಿ ಖುಷಿಪಡುತ್ತಿದ್ದರು.

ಬಸ್ಸಿನ ಟಿಕೆಟ್ಟಿನವರಿಗೆ ಕಾಡಿನ ಗೇಟಿನವರೆಗೆ ಮಾತ್ರ ಪ್ರಯಾಣ. ಅಲ್ಲಿ ಸುತ್ತಮುತ್ತ ಸ್ವಲ್ಪ ನಡಿಗೆ, ಊಟ, ಆಮೇಲೆ ವಾಪಸ್ಸು. ಅದು ಸಾಲದು ಎನ್ನುವವರು ಹಡಗಿನಲ್ಲೇ ಟಿಕೆಟ್ಟನ್ನು ಅಪ್‌ಗ್ರೇಡ್ ಮಾಡಿಸಿಕೊಂಡು ಬರಬೇಕು. ಅಂಥವರು ಗೇಟಿನಲ್ಲಿ ಬಸ್ಸಿಳಿದು, ತೆರೆದ ಜೀಪು ಹತ್ತಿ, ಒಳಕಾಡನ್ನು ಒಂದು ಸುತ್ತು ಹಾಕಿ ಬರುತ್ತಿದ್ದರು. ನಾನು ಯಾವಾಗಲೂ ಜೀಪಿನವರ ಜೊತೆ. ಗೇಟಿನ ಹತ್ತಿರ ಉಳಿಯುವವರನ್ನು ಗೋವಾದ ಬಸ್ ಡ್ರೈವರ್ ನೋಡಿಕೊಳ್ಳುತ್ತಿದ್ದ.

ಆ ಒಳಕಾಡು ಅವ್ವನ ತವರು. ಅವಳು ಹುಟ್ಟಿದ್ದು ಅಲ್ಲಿನ ನಾಲ್ಕಾರು ಮನೆಗಳ ಒಂದು ಹಾಡಿಯಲ್ಲಿ. ಅಪ್ಪ ಹಳಿಯಾಳದ ಕಡೆಯವರು, ದಾಂಡೇಲಿಯ ಕಾರ್ಖಾನೆಗೆ ಸೇರಿದ್ದರಿಂದ ಅವ್ವ ಮದುವೆಯಾಗಿ ಅದರ ಪಕ್ಕದ ಅಂಬೇವಾಡಿಗೆ ಬಂದಳು. ಅವಳ ಅಕ್ಕ, ನಮ್ಮ ದೊಡ್ಡವ್ವ, ಅಲ್ಲೇ ಉಳಿದಳು. ದೊಡ್ಡಪ್ಪನೇ ಆ ಮನೆಗೆ ಅಳಿಯನಾಗಿ ಬಂದಿದ್ದ. ಅಕ್ಕತಂಗಿಯರ ನಡುವೆ ದೂರವೇನೂ ಬಹಳವಲ್ಲ, ಆದರೆ ದಾಟುವುದು ಹೇಗೆ? ಲಕ್ವಾ ಹೊಡೆದ ಮೇಲೆ ಅವ್ವನ ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಕಾಡಿನ ಕಾಲುದಾರಿ ಅವಳಿಗೆ ಮುಗಿದ ಕಥೆ. ದೊಡ್ಡವ್ವನ ಕಾಲು ಗಟ್ಟಿ, ಆದರೆ ಆಕೆ ಜನ್ಮದಲ್ಲಿ ಬಸ್ಸು ಹತ್ತಿದವಳಲ್ಲ. "ಎಮ್ಮಿ ಕಾಲಿಡೂ ಮುಂದ ನೆಲಾ ನೋಡತೈತಿ. ನಿಮ್ಮ ಬಸ್ಸು ಏನ ನೋಡತೈತಿ?" ಎಂದು ಕೇಳುತ್ತಿದ್ದಳಂತೆ.

ತವರಿಗೆ ಹೋದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದು ನಮ್ಮಲ್ಲಿಲ್ಲ. ಕುಂಕುಮ ಹಚ್ಚಿ, ಅವಳು ಒಡ್ಡಿದ ಸೆರಗಿಗೆ ಅಕ್ಕಿ, ತೆಂಗಿನಕಾಯಿ ಹಾಕಿ ಕಳಿಸಬೇಕು. ಅವ್ವನ ತವರಿನಲ್ಲಿ ಅದರ ಜೊತೆ ಒಂದು ಬಿತ್ತನೆಯ ಗೆಡ್ಡೆಯನ್ನೂ ಹಾಕುತ್ತಿದ್ದರು. ಮಗಳು ಅದನ್ನು ಗಂಡನ ಮನೆಯ ಹಿತ್ತಿಲಲ್ಲಿ ಊರಿ ಬೆಳೆಸಿಕೊಳ್ಳಬೇಕು. ಅಜ್ಜಿ ಸತ್ತಾಗ ಅವ್ವ ಕೊನೆಯ ಸಲ ಅಲ್ಲಿಗೆ ಹೋಗಿದ್ದಳು. ಸೂತಕದ ಮನೆಯಲ್ಲಿ ಉಡಿ ತುಂಬುವಂತಿಲ್ಲ. ಹಾಗೇ ಬಂದಳು. ಆಮೇಲೆ ಕಾಲು ಹೋಯಿತು.

"ಬರೇ ಉಡಿಲೇ ಬಂದೇನಿ" ಎಂದು ಅವ್ವ ಆಗಾಗ ಅನ್ನುತ್ತಿದ್ದಳು. ಅಕ್ಕಿ ಆರಿಸುವಾಗ, ಬಟ್ಟೆ ಮಡಚುವಾಗ, ಯಾರೂ ಏನೂ ಕೇಳದಿದ್ದಾಗ. "ಅಕ್ಕನ ಕೈಲೆ ಒಮ್ಮೆ ಉಡಿ ತುಂಬಿಸ್ಕೊಂಡ್ರ ಸಾಕವಾ. ಮುಂದ ಎಂದ ಬೇಕಾದ್ರ ಕರಕೊಂಡು ಹೋಗಲಿ ಆ ದೇವರು."

ನನಗೆ ಸಿಟ್ಟು ಬರುತ್ತಿತ್ತು. ಕಂಡು ಕೇಳರಿಯದ ಜನರನ್ನು ಜೀಪಿನಲ್ಲಿ ಕೂಡಿಸಿಕೊಂಡು ನಾನು ಅವ್ವನ ತವರಿನ ಅಂಗಳ ತೋರಿಸಿ ಬರುತ್ತಿದ್ದೆ. ಆ ಹಾಡಿಯ ಹತ್ತಿರ ಜೀಪು ಐದು ನಿಮಿಷ ನಿಲ್ಲುತ್ತಿತ್ತು, ಮಣ್ಣಿನ ಗೋಡೆಯ ಫೋಟೋ ಬೇಕಲ್ಲ ಅವರಿಗೆ. ದೊಡ್ಡವ್ವ ಬಾಗಿಲಿಗೆ ಬಂದು, ನನ್ನ ಗಲ್ಲ ಹಿಡಿದು, "ತಂಗಿ ಹೆಂಗದಾಳ?" ಎನ್ನುತ್ತಿದ್ದಳು. ಹಿಂದಿನಿಂದ ಕ್ಯಾಮೆರಾಗಳು ಕ್ಲಿಕ್ ಎನ್ನುತ್ತಿದ್ದವು. ಅವ್ವನಿಗೆ ಮಾತ್ರ ಆ ಜೀಪಿನಲ್ಲಿ ಜಾಗವಿರಲಿಲ್ಲ, ಸೀಟುಗಳೆಲ್ಲ ಹಡಗಿನವರದೇ.

ಕೊನೆಗೆ ಗುತ್ತಿಗೆದಾರನ ಬೆನ್ನು ಹತ್ತಿ ಒಂದು ದಾರಿ ಮಾಡಿದೆ. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಮೊದಲ ಸೀಟು ನನ್ನದು. ನಾನು ಹೇಗೂ ಮೈಕು ಹಿಡಿದು ನಿಂತೇ ಇರುವವಳು; ಅಲ್ಲಿ ಅವ್ವನನ್ನು ಕೂಡಿಸಿ ಗೇಟಿನವರೆಗೆ ಕರೆತರಲು ಒಪ್ಪಿದ. ದೊಡ್ಡವ್ವ ಗೇಟಿಗೆ ನಡೆದು ಬರಬಹುದು. ಹಾಡಿಯಿಂದ ಗೇಟಿಗೆ ಕಣಿವೆಯೊಳಗಿಂದ ಕಾಲುದಾರಿಯಿದೆ. ಹಾಡಿಯ ಜನ ಸಾಮಾನಿಗೆ ಬರುವ ಜೋಯಿಡಾದ ಕಿರಾಣಿ ಅಂಗಡಿಯಲ್ಲಿ ಹೇಳಿಟ್ಟೆ: ಶಿವರಾತ್ರಿಯ ಮುಂದಿನ ಸೋಮವಾರ ಹಡಗಿನ ಬಸ್ಸು ಗೇಟಿಗೆ ಬರುತ್ತದೆ, ತಂಗಿ ಮುಂದಿನ ಸೀಟಿನಲ್ಲಿ ಕೂತಿರುತ್ತಾಳೆ, ಊಟದ ಹೊತ್ತಿಗೆ ಬನ್ನಿ. ಬರುತ್ತೇವೆ ಎಂಬ ಉತ್ತರವೂ ಬಂತು.

ಆ ಸೋಮವಾರ ಅವ್ವ ಮದುವೆಗೆ ಹೊರಟವಳಂತೆ ಹೊರಟಳು. ಇಳಕಲ್ಲಿನ ಸೀರೆ, ಹಣೆತುಂಬ ಕುಂಕುಮ. ಅಕ್ಕನಿಗೊಂದು ಸೀರೆ ಬೇರೆ ಕೈಚೀಲದಲ್ಲಿ. ಬಸ್ಸಿನೊಳಗಿನ ತಂಪಿಗೆಂದು ನನ್ನ ಶಾಲು ಹೊದಿಸಿದೆ. ಅವಳ ಪಕ್ಕದಲ್ಲಿ ಹಡಗಿನ ಹೆಂಗಸೊಬ್ಬಳು ಕೂತಿದ್ದಳು, ಹೆಚ್ಚುಕಡಿಮೆ ಅವ್ವನದೇ ವಯಸ್ಸು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ದಾರಿಯುದ್ದಕ್ಕೂ ಮೊಣಕಾಲು ನೋವಿನ ವಿಷಯ ಮಾತಾಡಿಕೊಂಡೇ ಬಂದರು. ಅದಕ್ಕೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ.

ಗೇಟಿನಲ್ಲಿ ಜೀಪು ಕಾದಿತ್ತು. ಆ ಹೆಂಗಸು ಅಪ್‌ಗ್ರೇಡ್ ಮಾಡಿಸಿಕೊಂಡವರಲ್ಲಿ ಒಬ್ಬಳು. ಜೀಪಿನ ಮೆಟ್ಟಿಲಿನ ಎತ್ತರ ನೋಡಿದಳು, ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡಳು, ತಲೆಯಾಡಿಸಿದಳು. ಬಸ್ಸಿನ ಕಿಟಕಿಯಲ್ಲಿ ಕಾಣುತ್ತಿದ್ದ ಅವ್ವನ ಕಡೆ ಬೊಟ್ಟು ಮಾಡಿ ನನಗೆ ಹೇಳಿದಳು: ನನ್ನ ಜಾಗದಲ್ಲಿ ನಿಮ್ಮ ತಾಯಿಯನ್ನು ಕರೆದುಕೊಂಡು ಹೋಗಿ, ಆಕೆ ಒಳಗೆ ಹೋಗಿ ಬರಲಿ, ನಾನು ಬಸ್ಸಿನಲ್ಲೇ ಇರುತ್ತೇನೆ.

ಓಡಿಹೋಗಿ ಹೇಳಿದೆ. ಅವ್ವ ಜೀಪಿನ ಡ್ರೈವರನನ್ನೇ ಕರೆಸಿ ಕೇಳಿದಳು, "ತಮ್ಮಾ, ನಮ್ಮ ಹಾಡಿ ಮುಂದ ಹೋಗತೈತೇನೊ ಇದು?"

"ಅಂಗಳದ ಮುಂದನ ನಿಲ್ಲಸ್ತೇನ್ರೀ ಅವ್ವಾರ, ಬರ್ರಿ."

"ಹಂಗಾರ ಹೋಗೂಣು ನಡಿ. ಊಟದ ಹೊತ್ತು ಇನ್ನೂ ದೂರ ಐತಿ, ಆಕಿ ಮನ್ಯಾಗ ಇರ್ತಾಳ. ಪಾಪ, ಆಕಿ ಯಾಕ ನಡಕೋತ ಬರಬೇಕು? ಉಡಿ ತುಂಬೂದು ತವರ ಹೊಸ್ತಿಲದಾಗ ಚಂದ."

ಇಬ್ಬರು ಹಿಡಿದು ಎತ್ತಿ ಕೂಡಿಸಿದೆವು. ಅವಸರದಲ್ಲಿ ಕೈಚೀಲ, ಶಾಲು ಎರಡೂ ಬಸ್ಸಿನ ಸೀಟಿನ ಮೇಲೇ ಉಳಿದವು. ತೆರೆದ ಜೀಪಿನಲ್ಲಿ, ದೊಡ್ಡ ದೊಡ್ಡ ಟೋಪಿಗಳ ನಡುವೆ, ಸೆರಗು ಹೊದ್ದು ಕೂತ ಅವ್ವ ಒಂದೊಂದು ತಿರುವನ್ನೂ ಗುರುತು ಹಿಡಿದಳು. ಇಲ್ಲಿ ಹೊಂಡವಿತ್ತು, ಇಲ್ಲಿ ನೆಲ್ಲಿಕಾಯಿ ಆರಿಸುತ್ತಿದ್ದೆವು. ಒಂದು ದಿನಕ್ಕಾದರೂ ನಾನೇ ಪ್ರವಾಸಿ, ಅವಳೇ ಗೈಡು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ಅದರ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಹಾಡಿಯಲ್ಲಿ ದೊಡ್ಡವ್ವನ ಬಾಗಿಲಿಗೆ ಚಿಲಕ ಹಾಕಿತ್ತು. ಪಕ್ಕದ ಮನೆಯಾಕೆ ಹೊರಗೆ ಬಂದು ಕೊಂಕಣಿಯಲ್ಲಿ ಹೇಳಿದಳು: ಗಂಡ ಹೆಂಡತಿ ಆಗಲೇ ಗೇಟಿಗೆ ಹೊರಟುಹೋದರು. ಇಷ್ಟು ಬೇಗ ಯಾಕೆ ಎಂದು ಕೇಳಿದ್ದಕ್ಕೆ, ತಂಗಿ ಬಂದು ಕಾಯುವಂತಾಗಬಾರದು ಎಂದಳಂತೆ ದೊಡ್ಡವ್ವ.

ಅವ್ವ ಜೀಪಿನಿಂದ ಇಳಿಯಲೇ ಇಲ್ಲ. "ತಿರುಗಸ್ರೀ, ಬಸ್ಸಿನ ಕಡೆ ಹೋಗೂಣು" ಎಂದಳು. ತಿರುಗಿಸುವುದು ಹೇಗೆ? ಜೀಪು ಹಡಗಿನವರದು, ಸುತ್ತು ಅವರದು, ಅದನ್ನು ಪೂರ್ತಿ ಮಾಡಿಯೇ ಹೋಗಬೇಕು. ಡ್ರೈವರ್ ಪಾಪ ನನ್ನ ಮುಖ ನೋಡಿದ, ನಾನು ಮುಂದೆ ನಡಿ ಎಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಟಿಗಳ ಹಿಂಡೊಂದು ದಾರಿಗೆ ಬಂದು ನಿಂತಿತು. ಹಡಗಿನವರು ಕ್ಯಾಮೆರಾ ಎತ್ತಿದರು. ಇದಕ್ಕೇ ಅಲ್ಲವೇ ಅವರು ಸಮುದ್ರ ದಾಟಿ ಬಂದದ್ದು. ದೊಡ್ಡದೊಂದು ಕಾಡುಕೋಣ ದಾರಿಗೆ ಅಡ್ಡ ನಿಂತು, ತನಗಾವ ಅವಸರವೂ ಇಲ್ಲವೆಂಬಂತೆ ಮೆಲುಕು ಹಾಕತೊಡಗಿತು. ಸದ್ದು ಮಾಡುವಂತಿಲ್ಲ, ಹಾರ್ನ್ ಹೊಡೆಯುವಂತಿಲ್ಲ. ಒಬ್ಬಾತ ನನ್ನ ಕಿವಿಯಲ್ಲಿ ಪಿಸುಗುಟ್ಟಿದ, ಇಂಥ ಅದೃಷ್ಟ ಎಷ್ಟು ಜನರಿಗೆ ಸಿಗುತ್ತದೆ ಎಂದು. ಅವ್ವ ಸದ್ದಾಗದಂತೆ ಅಳುತ್ತಿದ್ದಳು. ಆ ಪ್ರಾಣಿಯನ್ನು ನಾನು ಮನಸ್ಸಿನಲ್ಲಿ ಬೈದಷ್ಟು ಯಾವ ಮನುಷ್ಯನನ್ನೂ ಬೈದಿಲ್ಲ.

ಗೇಟಿಗೆ ಬಂದಾಗ ಊಟ ಮುಗಿದಿತ್ತು, ಬಸ್ಸಿನ ಇಂಜಿನ್ ಚಾಲೂ ಇತ್ತು. ಹಡಗು ಯಾರಿಗೂ ಕಾಯುವುದಿಲ್ಲ. ಅವ್ವ ಸುತ್ತಲೂ ನೋಡಿದಳು. ಮರದ ಕೆಳಗೆ, ಕಟ್ಟೆಯ ಮೇಲೆ, ಕಾಲುದಾರಿಯ ಬಾಯಲ್ಲಿ, ಎಲ್ಲೂ ಯಾರೂ ಇರಲಿಲ್ಲ.

"ಅಕ್ಕ, ಭಾವ ಬಂದಿದ್ರು ಅಮ್ಮಾ" ಎಂದ ಗೋವಾದ ಡ್ರೈವರ್. "ನಾನು ಹೇಳ್ದೆ, ತಂಗಿ ಜೀಪ್‌ನಲ್ಲಿ ನಿಮ್ಮ ಮನೇಗೇ ಹೋಗಿದ್ದಾಳೆ ಅಂತ. ಅಯ್ಯೋ, ಬಾಗಿಲು ಹಾಕಿ ಬಂದಿದೀವಲ್ಲ, ಹೊಸ್ತಿಲಲ್ಲಿ ಕೂತಿರ್ತಾಳೆ ಅಂತ ಇಬ್ಬರೂ ತಿರುಗಿ ಓಡಿದ್ರು."

ಕಣಿವೆಯ ಕಾಲುದಾರಿಯಲ್ಲಿ ಅವರು ಮನೆಗೆ ಓಡುತ್ತಿದ್ದಾಗ, ಕಾಟಿ ದಾರಿ ಬಿಟ್ಟಿತೆಂದು ನಾವು ಗೇಟಿಗೆ ಓಡಿಬರುತ್ತಿದ್ದೆವು.

ಸೀಟು ಬಿಟ್ಟುಕೊಟ್ಟ ಆ ಹೆಂಗಸು ಬಸ್ಸಿನಲ್ಲೇ ಕೂತು ಎಲ್ಲವನ್ನೂ ನೋಡಿದ್ದಳು. ಮುಖ ಅರಳಿಸಿಕೊಂಡು ಹೇಳತೊಡಗಿದಳು. ಮುದುಕಿಯೊಬ್ಬಳು ಬಂದಳು, ಬಾಗಿಲ ಕಂಬಿ ಹಿಡಿದು ಎಷ್ಟೋ ಹೊತ್ತು ಹೊರಗೇ ನಿಂತಳು, ಹತ್ತಲು ಹೆದರಿದಂತಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡು ಹತ್ತಿದಳು. ಈ ಖಾಲಿ ಸೀಟಿನ ಮುಂದೆ ನಿಂತು ಪೂಜೆ ಮಾಡಿದಳು. ನಮ್ಮ ಪ್ರಯಾಣಕ್ಕೆ ಆಶೀರ್ವಾದ ತಾನೇ? ಎಷ್ಟು ಸುಂದರವಾದ ಪದ್ಧತಿ!

ಸೀಟಿನ ಬೆನ್ನಿಗೆ, ಅವ್ವನ ಹಣೆ ಬರುವಷ್ಟು ಎತ್ತರದಲ್ಲಿ, ಕುಂಕುಮ ಹಚ್ಚಿತ್ತು. ನನ್ನ ಶಾಲನ್ನು ಸೀಟಿನ ಮೇಲೆ ಸೆರಗು ಒಡ್ಡಿದ ಹಾಗೆ ಹರವಿ, ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಮಣ್ಣು ಮೆತ್ತಿದ ಒಂದು ಗೆಡ್ಡೆ ಇಟ್ಟು, ಅಂಚು ಮಡಚಿ ಗಂಟು ಹಾಕಿತ್ತು. ಬಸ್ಸನ್ನೇ ಹತ್ತದ ದೊಡ್ಡವ್ವ, ದಾರಿಯಲ್ಲಿ ತಪ್ಪಿಹೋದರೂ ತಂಗಿ ಬರೇ ಉಡಿಯಲ್ಲಿ ಹೋಗಬಾರದೆಂದು ಬಸ್ಸು ಹತ್ತಿ, ತಂಗಿಯಿಲ್ಲದ ಸೀಟಿಗೆ ಉಡಿ ತುಂಬಿ ಹೋಗಿದ್ದಳು.

ಒಳ್ಳೆಯದು ಮಾಡಿದವಳಿಗೆ ಏನೆಂದು ಹೇಳುವುದು? ಹೌದು, ಆಶೀರ್ವಾದವೇ ಎಂದೆ. ಅವ್ವ ಗಂಟನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕೂತಳು. ಬೆನ್ನನ್ನು ಸೀಟಿಗೆ ಆನಿಸಲಿಲ್ಲ, ಕುಂಕುಮ ಅಳಿಸೀತೆಂದು. ಜೋಯಿಡಾದಲ್ಲಿ ಬಸ್ಸಿಳಿಯುವಾಗ ಒಂದು ಬೆರಳಿನಿಂದ ಅದನ್ನು ಮುಟ್ಟಿ ಹಣೆಗೆ ಒತ್ತಿಕೊಂಡಳು. ಕೈಚೀಲದಲ್ಲಿದ್ದ ಅಕ್ಕನ ಸೀರೆ ಹಾಗೇ ಮನೆಗೆ ವಾಪಸ್ಸು ಬಂತು.

ಅದು ಆ ವರ್ಷದ ಕೊನೆಯ ಹಡಗು. ಹಡಗಿಲ್ಲದೆ ಜೀಪುಗಳು ನಿಂತವು, ಬೇಸಿಗೆ ಕಳೆದು ಮಳೆ ಹಿಡಿಯಿತು, ಹಳ್ಳಗಳು ತುಂಬಿದವು. ಮುಂದಿನ ಚಳಿಗಾಲಕ್ಕೆ ಹೇಗಾದರೂ ಮಾಡಿ ಕರೆದುಕೊಂಡು ಹೋಗುತ್ತೇನೆ ಎಂದು ಅವ್ವನಿಗೆ ಹೇಳುತ್ತಲೇ ಇದ್ದೆ. ಆಷಾಢದಲ್ಲಿ ದೊಡ್ಡವ್ವ ತೀರಿಕೊಂಡಳು. ಹಳ್ಳ ಇಳಿದ ಮೇಲೆ, ಆ ಕಿರಾಣಿ ಅಂಗಡಿಯವನಿಂದ ಸುದ್ದಿ ಬಂತು. ಅಷ್ಟರಲ್ಲಿ ಆಕೆಯ ದಿನದ ಕಾರ್ಯವೂ ಮುಗಿದಿತ್ತು. ಅಂಬೇವಾಡಿಯ ಹಿತ್ತಿಲಲ್ಲಿ ಆಕೆಯ ಗೆಡ್ಡೆ ಮೊಳೆತು ಬಳ್ಳಿ ಬೇಲಿ ಹತ್ತಿತ್ತು. ಅವ್ವ ಅದರ ಬುಡದಲ್ಲಿ ಕೂತು, ನಾವು ಯಾರೂ ಹತ್ತಿರ ಹೋಗದ ಹಾಗೆ, ಗಟ್ಟಿಯಾಗಿ ಅತ್ತಳು.

ಆ ಹಡಗಿನ ಕೆಲಸವನ್ನು ಮುಂದೆ ನಾನು ಬಿಟ್ಟೆ. ಅತ್ತಿವೇರಿಗೆ ಹಕ್ಕಿ ನೋಡಲು ಹೋಗುವವರ ಜೊತೆ ಹೋಗು ಎಂದು ಗುತ್ತಿಗೆದಾರ ಕೇಳಿದ, ಒಲ್ಲೆ ಎಂದೆ.

ಕೆಲವು ವರ್ಷಗಳ ಮೇಲೆ ಒಮ್ಮೆ ಅವ್ವನನ್ನು ಹಳಿಯಾಳಕ್ಕೆ ಕರೆದೊಯ್ಯುತ್ತಿದ್ದೆ. ಸರಕಾರಿ ಬಸ್ಸು, ಹಿಂದಿನ ಸೀಟು, ರಸ್ತೆಯ ಒಂದು ಗುಂಡಿಯೂ ತಪ್ಪುತ್ತಿರಲಿಲ್ಲ. ಕಂಡಕ್ಟರ್ ಒಳ್ಳೆಯವನು. ಮುಂದೆ ಕಿಟಕಿಯ ಸೀಟೊಂದು ಖಾಲಿಯಾದದ್ದೇ ಹಿಂದೆ ಬಂದು, "ಅಮ್ಮಾರ, ಇಲ್ಲೆ ಬಾಳ ಕುಲಕತೈತಿ. ಮುಂದ ಚಲೋ ಸೀಟು ಐತಿ, ಬರ್ರಿ, ನಾ ಕೈ ಹಿಡೀತೇನಿ" ಎಂದ.

ಅವ್ವ ಎದುರಿನ ಕಂಬಿಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡಪ್ಪಾ, ಇಲ್ಲೇ ಕುಂಡರ್ತೇನಿ" ಎಂದಳು. "ಹುಡುಕ್ಕೋತ ಬಂದವರಿಗೆ ನಾ ಸಿಗಬೇಕಲ್ಲ."