ಅಂಚಿನಲ್ಲಿ ನಿಂತವನಿಗೊಂದು ಕಿಟಕಿ

ರಾತ್ರಿಯ ಮಳೆ ನಿಂತು ಬೆಳಕು ಹರಿದರೂ ಗಾಳಿಯ ತುಂಬ ತೇವ. ಇಂಥ ಬೆಳಗು ಕಿಟಕಿ ಮಾವನಿಗೆ ಆಗಿಬರುವುದಿಲ್ಲ. ತೇವ ಕುಡಿದ ರಟ್ಟು ನೇರ ತುಂಡಾಗದೆ ನಾರುನಾರಾಗಿ ಹರಿಯುತ್ತದೆ. ಫ್ರೇಮ್ ಹಾಕುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ಮಂಡಿಯೂರಿ ಕೂತು, ಜ್ವರದ ಮಗುವಿನ ಹಣೆ ಮುಟ್ಟುವಂತೆ ರಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಾರೆ.

ಚಿತ್ರಕ್ಕೂ ಗಾಜಿಗೂ ನಡುವೆ ಬಿಳಿ ಅಂಚಾಗಿ ಕೂರುವ ಈ ದಪ್ಪ ರಟ್ಟಿಗೆ ಮೌಂಟ್ ಎನ್ನುತ್ತಾರೆ. ಅದರಲ್ಲಿ ಓರೆ ಬ್ಲೇಡಿನಿಂದ ಕಿಟಕಿ ತೆಗೆಯುವುದೇ ಮಾವನ ಕೆಲಸ; ಹೆಸರು ಬಂದದ್ದೂ ಹಾಗೆಯೇ. ಚಿಕ್ಕಪುಟ್ಟದ್ದನ್ನೆಲ್ಲ ಈಗ ಯಂತ್ರ ನುಂಗಿದೆ. ಯಂತ್ರದಲ್ಲಿ ಹಿಡಿಸದಷ್ಟು ದೊಡ್ಡದು ಬಂದರೆ ಮಾತ್ರ ಮಾವನೇ ಗತಿ. ಬಾಗಿಲಿನಷ್ಟು ಉದ್ದದ ರಟ್ಟಿಗೆ ಮೇಜು ಸಾಲದು, ನೆಲವೇ ಬೇಕು. ಉಕ್ಕಿನ ಸ್ಕೇಲು ಜಾರದಂತೆ ಅದರ ಮೇಲೆ ಅವರ ಹೆಂಡತಿ ಕೂರುತ್ತಾರೆ.

“ಕೂತ್ಕೊಳ್ಳೋದೇ ಕೆಲಸ ಅಂದ್ರೆ ನಂಟರೆಲ್ಲ ನಗ್ತಾರೆ. ಒಂದಿನ ಬಂದು ಕೂತು ನೋಡ್ಲಿ,” ಎನ್ನುತ್ತಾರೆ ಆಕೆ.

“ಇವಳ ತೂಕ ಇಳಿದುಹೋಗಿದೆ. ಮೊದಲಾಗಿದ್ರೆ ಸ್ಕೇಲು ಮಿಸುಕ್ತಾ ಇರ್ಲಿಲ್ಲ,” ಎನ್ನುತ್ತಾರೆ ಮಾವ.

ಹೋದ ವರ್ಷದ ಕಾಯಿಲೆ ಆಕೆಯನ್ನು ಅರ್ಧ ಮಾಡಿದೆ. ಮಾವನ ಮಂಡಿಗಳೂ ನೆಲಕ್ಕೆ ಸವೆದಿವೆ.

ಇಂದು ಮುಂದಿರುವುದು ಬಾಯ್ಲರ್ ಸಿಡಿದು ಸತ್ತ ಕಾರ್ಮಿಕರ ಗುಂಪು ಫೋಟೊ. ಬದುಕಿದ್ದಾಗ ಕಾರ್ಖಾನೆಯ ಅಂಗಳದಲ್ಲಿ ತೆಗೆದದ್ದನ್ನು ಆಳೆತ್ತರ ಮಾಡಿಸಿದ್ದಾರೆ. ಸಂಜೆ ಅದು ಕಾರ್ಖಾನೆಯ ಗೋಡೆಗೇರಬೇಕು. ಮಾವ ನಿನ್ನೆಯೇ ಕಿಟಕಿ ತೆಗೆದು ಮುಗಿಸಿದ್ದರು. ಬೆಳಗಾಗುತ್ತಲೇ, ಸತ್ತವರಲ್ಲಿ ಒಬ್ಬನ ತಾಯಿ ನೋಡಲು ಬಂದಿದ್ದಾರೆ.

“ಎಲ್ಲಾರೂ ಇದ್ದಾರೆ. ನನ್ನ ಮಗ ಎಲ್ಲಪ್ಪಾ?”

ಮಗ ಸಾಲಿನ ಎಡತುದಿಯಲ್ಲಿದ್ದ. ಕ್ಯಾಮೆರಾಕ್ಕೆ ಸಿಕ್ಕಿದ್ದೇ ಅರ್ಧ ಮುಖ, ಒಂದು ಹೆಗಲು. ಚಿತ್ರದ ಅಂಚನ್ನು ಒಂದಿಷ್ಟು ಮುಚ್ಚುವುದು ಕಸುಬಿನ ರೂಢಿ. ಅರ್ಧ ಮುಖ ಅಂದಗೆಡಿಸುತ್ತದೆಂದು ಮಾವ ಆ ಕಡೆ ಇನ್ನಷ್ಟು ಮುಚ್ಚಿದ್ದರು.

“ಅಂಚಲ್ಲಿರೋನು ತಾನೆ ಅಂದ್ಕೊಂಡೆ,” ಮಾವ ತಲೆ ತಗ್ಗಿಸುತ್ತಾರೆ. “ಯಾರದೋ ಮಗ ಅಂತ ಹೊಳೀಲಿಲ್ಲ.”

ಆ ತಾಯಿಯ ಬಳಿ ಮಗನ ಬೇರೆ ಫೋಟೊ ಇಲ್ಲ. ಅಂಗಡಿಯಲ್ಲಿ ಆ ಅಳತೆಯ ಬೇರೆ ರಟ್ಟಿಲ್ಲ. ಇದೇ ಕಿಟಕಿಯ ಒಂದು ಮಗ್ಗುಲನ್ನು ಎರಡು ಬೆರಳಗಲ ಹೆರೆಯಬೇಕು. ರಟ್ಟು ಕೆಟ್ಟರೆ, ಫೋಟೊದ ಅಂಚನ್ನೇ ಕತ್ತರಿಸಿ ಇರುವ ಚಿಕ್ಕ ಫ್ರೇಮಿಗೆ ಕೂರಿಸಿ ಎಂದು ಅಂಗಡಿಯ ಮಾಲೀಕರು ಹೇಳಿಹೋಗಿದ್ದಾರೆ.

ಮೌಂಟನ್ನು ಕತ್ತರಿಸುವುದು ಬೆನ್ನಿನ ಕಡೆಯಿಂದ; ಹಾಗೆ ಮಗುಚಿದಾಗ ಎಡ ಬಲವಾಗುತ್ತದೆ.

“ರೀ, ಈ ಮಗ್ಗುಲೇ ತಾನೆ? ಇನ್ನೊಂದ್ಸಲ ನೋಡ್ಕೊಳ್ಳಿ,” ಹೆಂಡತಿ ಎಚ್ಚರಿಸುತ್ತಾರೆ.

“ನೋಡ್ದೆ ಕಣೇ. ನೀನು ಉಸಿರು ಹಿಡ್ಕೊಂಡು ಕೂತ್ಕೋ.”

ತಾಯಿ ಬಂದು ಆಕೆಯ ಪಕ್ಕ ಸ್ಕೇಲಿನ ಮೇಲೆ ಮಂಡಿಯೂರುತ್ತಾರೆ. ಇಬ್ಬರು ಹೆಂಗಸರ ಭಾರಕ್ಕೆ ಉಕ್ಕು ನೆಲ ಕಚ್ಚುತ್ತದೆ.

“ದೇವರೇ, ಕೈಯಲ್ಲಿ ನೀನಿರು,” ಎಂದು ಮಾವ ಬ್ಲೇಡು ಊರುತ್ತಾರೆ. ಮೇಲೊಂದು, ಕೆಳಗೊಂದು ಚಿಕ್ಕ ಕೊಯ್ತ. ಆಮೇಲೆ ಉದ್ದದ್ದು, ಮೂಲೆಯಿಂದ ಮೂಲೆಗೆ ಒಂದೇ ಎಳೆತ. ನಡುವೆ ನಿಂತರೆ ಅಲ್ಲೊಂದು ಗಾಯ ಉಳಿಯುತ್ತದೆ. ಅರ್ಧ ದಾರಿಯಲ್ಲಿ ತೇವದ ರಟ್ಟು ಬ್ಲೇಡನ್ನು ಹಿಡಿದೆಳೆಯುತ್ತದೆ. ಮಾವ ನಿಲ್ಲುವುದಿಲ್ಲ. ಪಟ್ಟಿ ಇಡಿಯಾಗಿ ಕಳಚಿಕೊಳ್ಳುತ್ತದೆ.

ಹಳೆಯ ಕೊಯ್ತಕ್ಕೆ ಹೊಸದು ಕೂಡಿದಲ್ಲಿ ಕೂದಲೆಳೆಯಷ್ಟು ಕಚ್ಚು ಉಳಿದಿದೆ. ಉಗುರಿನಿಂದ ಉಜ್ಜಿದರೂ ಹೋಗದು.

“ಇರ್ಲಿ. ನನ್ನ ತಪ್ಪು ಅಲ್ಲೇ ಕಾಣ್ಲಿ,” ಎನ್ನುತ್ತಾರೆ ಮಾವ. “ಇನ್ಮೇಲೆ ಅಂಚು ಮುಚ್ಚೋಕೆ ಮುಂಚೆ, ಅಲ್ಲಿ ಯಾರಿದ್ದಾರೆ ಅಂತ ಕೇಳೋ ಬುದ್ಧಿ ಕೊಟ್ರೆ ಸಾಕು ದೇವ್ರು.”

ಗೋಡೆಗೊರಗಿಸಿದ ಫೋಟೊದ ಮೇಲೆ ಮೌಂಟನ್ನು ಕೂರಿಸುತ್ತಾರೆ. ಎಡತುದಿಯಲ್ಲಿ ಅರ್ಧ ಮುಖ, ಒಂದು ಕಿವಿ, ಪಕ್ಕದವನ ಮಾತಿಗೆ ಆಗತಾನೇ ನಗಲು ಹೊರಟ ತುಟಿ.

“ತಗೊಳ್ಳಮ್ಮಾ, ನಿಮ್ಮ ಮಗ,” ಎಂದು ಮೆಲ್ಲಗೆ ಹೇಳಿ ಮಾವ ಪಕ್ಕಕ್ಕೆ ಸರಿಯುತ್ತಾರೆ.